ಪ್ರಶ್ನಕ್ರೀಡೆಗಳಲ್ಲಿ ವಿಧಿ ಮತ್ತು ಉಪಚಾರ

೧

ಚರಿತ್ರೆಯ ಅಭ್ಯಾಸಿಗಳಾದ ನಾವು ವಿಧಿ, ಆಚಾರ, ಉಪಚಾರ ಎಂಬ ಮಾತುಗಳನ್ನು ಕೇಳಿದೊಡನೆ ಗುಡಿ, ಅರಮನೆ, ಅಗ್ರಹಾರಗಳ ಕಡೆಗೆ ಮನಸ್ಸನ್ನು ತಿರುಗಿಸುವುದು ವಾಡಿಕೆಯಾಗಿದೆ. ಪಟ್ಟಾಭಿಷೇಕದ ಕ್ರಮ, ದಾನಶಾಸನದ ಒಕ್ಕಣೆ, ಒಡ್ಡೋಲಗದ ಮರ್ಯಾದೆ ಇವು ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಬರುವ ನಿದರ್ಶನಗಳು. ಇವೆಲ್ಲ ಕಳೆದುಹೋದ ಕಾಲಕ್ಕೆ ಸೇರಿದುವು, ನಮ್ಮ ಕಾಲ ಉಪಚಾರಗಳನ್ನು ಕಳಚಿಹಾಕಿ ನೇರವಾಗಿ ಕೆಲಸಕ್ಕೆ ಕೈಹಾಕುವ ಕಾಲ, ಎಂಬ ಭಾವನೆಯೂ ಅದರ ಹಿಂದೆ ಅಡಗಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ಬಹು ದೂರ ಹೋಗಬೇಕಾಗಿಲ್ಲ. ಸಂಜೆಯ ಹೊತ್ತು ಲಕ್ಷಾಂತರ ಮನೆಗಳಲ್ಲಿ ಕಾಣಿಸಿಕೊಳ್ಳುವ ಟೆಲಿವಿಷನ್ನಿನ ಪ್ರಶ್ನಕ್ರೀಡೆಯನ್ನು ನೋಡಿದರೆ ಸಾಕು. ಅಲ್ಲಿ ಪೀಠವುಂಟು, ಪೀಠಾರೋಹಣವುಂಟು, ಗೊತ್ತಾದ ಮಂತ್ರದಂತಹ ವಾಕ್ಯಗಳುಂಟು, ದೀಪಗಳ ಏರಿಳಿತವುಂಟು, ಮಂಗಳವಾದ್ಯವೂ ಉಂಟು. ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಇಷ್ಟೊಂದು ಕಲಾಪ ಏತಕ್ಕೆ?

“ಆಟಕ್ಕಿಂತ ಆಡಂಬರವೇ ಹೆಚ್ಚು” ಎಂದು ಪ್ರೇಕ್ಷಕರು ಬೇಸರಪಟ್ಟುಕೊಳ್ಳುವುದುಂಟು. ಆದರೆ ಬೇಸರ ವಿಮರ್ಶೆಯಲ್ಲ. ಯಾವ ಉಪಚಾರ ಅವಶ್ಯಕ, ಯಾವುದು ಅನವಶ್ಯಕ, ಅನವಶ್ಯಕವಾದುದು ಕೇವಲ ಕಾಲಹರಣಕ್ಕೆ ಕಾರಣವೋ ಅಥವಾ ಅದರಿಂದ ಬೇರೆ ಹಾನಿಯೂ ಇದೆಯೋ ಎಂಬುದನ್ನು ಬಿಡಿಸಿ ನೋಡಿದಾಗ ಮಾತ್ರ ಅದು ವಿಮರ್ಶೆಯಾಗುತ್ತದೆ. ಇಂಗ್ಲೆಂಡ್, ಅಮೆರಿಕ ಮತ್ತು ನಮ್ಮ ದೇಶಗಳ ಕೆಲವು ಪ್ರಸಿದ್ಧ ಪ್ರಶ್ನಕ್ರೀಡೆಗಳನ್ನು ತೆಗೆದುಕೊಂಡು ಈ ಕೆಲಸವನ್ನು ಸಂಗ್ರಹವಾಗಿ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಬೇಕಾದ ಅಳತೆಗೋಲು ನಮ್ಮಲ್ಲಿಯೇ ಇದೆ. ಮೀಮಾಂಸಕರು ಯಜ್ಞದ ಅಂಗಕ್ರಿಯೆಗಳನ್ನು ದೃಷ್ಟಾರ್ಥ, ಅದೃಷ್ಟಾರ್ಥ ಎಂದು ಎರಡಾಗಿ ವಿಂಗಡಿಸಿದರು. ಭತ್ತವನ್ನು ಕುಟ್ಟುವುದರ ಫಲ ಕಣ್ಣಿಗೆ ಕಾಣುತ್ತದೆ, ಹೊಟ್ಟು ಹೋಗುತ್ತದೆ. ಆದುದರಿಂದ ಅದು ದೃಷ್ಟಾರ್ಥ. ಅದೇ ಭತ್ತಕ್ಕೆ ನೀರು ಪ್ರೋಕ್ಷಿಸುವುದರಿಂದ ಕಾಣುವ ಫಲವೇನೂ ಇಲ್ಲ, ಅದು ಅದೃಷ್ಟಾರ್ಥ. ಕಾಣುವ ಪ್ರಯೋಜನವೊಂದನ್ನು ಹೇಳಲು ಸಾಧ್ಯವಿರುವಲ್ಲಿ ಕಾಣದ ಪ್ರಯೋಜನವನ್ನು ಕಲ್ಪಿಸಬಾರದು ಎಂಬುದೂ ಅವರದೇ ನಿಯಮ. ಇದು ಉದಾರವಾದ ನಿಯಮ. ಯಾವುದೇ ಆಚಾರವನ್ನು ಅರ್ಥಹೀನವೆಂದು ತಳ್ಳಿಹಾಕುವ ಮುನ್ನ ಅದಕ್ಕೊಂದು ಲೌಕಿಕ ಕಾರಣವಿತ್ತೆ ಎಂದು ಹುಡುಕಬೇಕೆಂದು ಇದು ನಮಗೆ ಕಲಿಸುತ್ತದೆ. ಈ ನಿಯಮದಂತೆಯೇ ನಡೆಯೋಣ.

೨

ಮೊದಲಿಗೆ, ಉಪಚಾರವು ತನ್ನ ಕೆಲಸವನ್ನು ಸರಿಯಾಗಿ ಮಾಡುವ ನಿದರ್ಶನಗಳನ್ನು ನೋಡಬಹುದು. ಬಿ.ಬಿ.ಸಿ.ಯಲ್ಲಿ ೧೯೭೨ರಲ್ಲಿ ‘ಮಾಸ್ಟರ್‌ಮೈಂಡ್’ ಎಂಬ ಪ್ರಶ್ನಕ್ರೀಡೆ ಆರಂಭವಾಯಿತು. ಅದನ್ನು ರೂಪಿಸಿದ ಬಿಲ್ ರೈಟ್ ಎಂಬಾತ ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಿ, ತೀಕ್ಷ್ಣ ವಿಚಾರಣೆಗೆ ಗುರಿಯಾಗಿದ್ದವನು. ಸೆರೆಸಿಕ್ಕ ಯೋಧನು ಹೆಸರು, ಹುದ್ದೆ, ಕ್ರಮಸಂಖ್ಯೆ ಈ ಮೂರನ್ನು ಹೇಳಬೇಕು. ಮಾಸ್ಟರ್‌ಮೈಂಡಿನ ಸ್ಪರ್ಧಿ ಹೆಸರು, ಉದ್ಯೋಗ, ತಾನು ಆರಿಸಿಕೊಂಡ ವಿಷಯ ಈ ಮೂರನ್ನು ಹೇಳುತ್ತಾನೆ. ಕತ್ತಲೆಯ ನಡುವೆ ಒಂದು ಕಪ್ಪು ಕುರ್ಚಿ, ಅದರ ಮೇಲೊಂದು ಬೆಳಕು, ಎದುರಿಗೆ ಪ್ರಶ್ನೆ ಕೇಳುವವನು: ಕಲಾಪವೆಲ್ಲ ಇಷ್ಟೇ. ಉಪಚಾರ ಮುಗಿಯಲು ಹತ್ತಾರು ಕ್ಷಣಗಳು ಸಾಕು. ಮಿಕ್ಕ ಕಾಲವೆಲ್ಲ ಪ್ರಶ್ನೆಗಳದೇ.

ಅದೇ ಕ್ರೀಡೆಯಲ್ಲಿ ಒಂದು ಗೊತ್ತಾದ ವಾಕ್ಯವಿದೆ. ಪ್ರಶ್ನೆಯನ್ನು ಓದುತ್ತಿರುವಾಗಲೇ ಅವಧಿ ಮುಗಿದ ಸದ್ದಾದರೆ, ‘ಆರಂಭಿಸಿಬಿಟ್ಟಿದ್ದೇನೆ, ಮುಗಿಸುತ್ತೇನೆ’ ಎಂಬರ್ಥದ ಮಾತನ್ನು ನಿರೂಪಕನು ಹೇಳಿ ಪ್ರಶ್ನೆಯನ್ನು ಪೂರ್ತಿಗೊಳಿಸುತ್ತಾನೆ. ಮೊದಲ ನಿರೂಪಕ ಮ್ಯಾಗ್ನಸ್ ಮ್ಯಾಗ್ನಸನ್ನನ ಬಾಯಲ್ಲಿ ಈ ಮಾತು ಇಂಗ್ಲೆಂಡಿನಲ್ಲಿ ಗಾದೆಯಂತಾಯಿತು. ಆದರೆ ಅದು ಅಲಂಕಾರಕ್ಕೆ ಹುಟ್ಟಿದ ಮಾತಲ್ಲ, ಒಂದು ನಿಯಮದ ಪ್ರಕಟಣೆ. ಸದ್ದಿಗೆ ಮೊದಲು ಆರಂಭವಾದ ಪ್ರಶ್ನೆ ಸ್ಪರ್ಧಿಯ ಹಕ್ಕು, ಅದನ್ನು ಕಸಿದುಕೊಳ್ಳುವಂತಿಲ್ಲ. ಇಲ್ಲಿ ಸೂತ್ರವಾಕ್ಯವು ಸ್ಪರ್ಧಿಯನ್ನು ರಕ್ಷಿಸುತ್ತದೆ.

೧೯೬೨ರಲ್ಲಿ ಆರಂಭವಾದ ‘ಯೂನಿವರ್ಸಿಟಿ ಚಾಲೆಂಜ್’ ಎಂಬುದರಲ್ಲಿ ಸ್ಪರ್ಧಿಯೊಬ್ಬನು ಗುಂಡಿಯನ್ನು ಒತ್ತಿದಾಗಲೆಲ್ಲ ತೆರೆಯ ಮರೆಯಿಂದ ಒಂದು ಧ್ವನಿ ಅವನ ಕಾಲೇಜಿನ ಹೆಸರನ್ನೂ ಅವನ ಹೆಸರನ್ನೂ ಕೂಗಿ ಹೇಳುತ್ತದೆ. ಎಂಟು ಮಂದಿ ಕುಳಿತ ಪಂದ್ಯದಲ್ಲಿ ಮೊದಲು ಗುಂಡಿ ಒತ್ತಿದವರು ಯಾರೆಂಬುದು ನಿರೂಪಕನಿಗೂ ನೋಡುವವರಿಗೂ ಒಡನೆಯೇ ತಿಳಿಯಬೇಕು. ಹೆಸರಿನ ಕೂಗು ಆ ಕೆಲಸವನ್ನು ಒಂದು ಉಸಿರಿನಲ್ಲಿ ಮಾಡಿ ಮುಗಿಸುತ್ತದೆ. ಇವೆರಡೂ ದೃಷ್ಟಾರ್ಥದ ಉಪಚಾರಗಳು. ಇವನ್ನು ಯಾರೂ ಅನವಶ್ಯಕವೆನ್ನಲಾರರು.

೩

ಎರಡನೆಯ ವರ್ಗದಲ್ಲಿ, ಹುಟ್ಟಿದಾಗ ಕಾರಣವಿದ್ದು ಈಗ ಕಾರಣ ಹೋಗಿ ರೂಪ ಮಾತ್ರ ಉಳಿದಿರುವ ಉಪಚಾರಗಳು ಬರುತ್ತವೆ. ಚರಿತ್ರಕಾರನಿಗೆ ಇವು ಹೆಚ್ಚು ಆಸಕ್ತಿಯವು. ಬತ್ತಿಹೋದ ಹೊಳೆಯ ಮೇಲಿನ ಸೇತುವೆ ಹಿಂದಿನ ಹರಿವನ್ನು ತಿಳಿಸುವಂತೆ ಇವು ಹಿಂದಿನ ಸ್ಥಿತಿಯನ್ನು ತಿಳಿಸುತ್ತವೆ.

ಅಮೆರಿಕದಲ್ಲಿ ೧೯೭೫ರಲ್ಲಿ ಆರಂಭವಾದ ‘ವೀಲ್ ಆಫ್ ಫಾರ್ಚೂನ್’ ಎಂಬ ಕ್ರೀಡೆಯಲ್ಲಿ, ಮರೆಯಾಗಿರುವ ಪದಗಳ ಅಕ್ಷರಗಳನ್ನು ಸ್ಪರ್ಧಿಗಳು ಒಂದೊಂದಾಗಿ ಊಹಿಸಬೇಕು. ಹಲಗೆಯ ಮೇಲಿನ ಅಕ್ಷರಫಲಕಗಳನ್ನು ಕೈಯಿಂದ ತಿರುಗಿಸಲು ಒಬ್ಬ ಸಹಾಯಕಿ ಬೇಕಾಗಿತ್ತು. ೧೯೮೨ರಿಂದ ವ್ಯಾನಾ ವೈಟ್ ಎಂಬಾಕೆ ಈ ಕೆಲಸಕ್ಕೆ ಪ್ರಸಿದ್ಧಳಾದಳು. ೧೯೯೭ರಲ್ಲಿ ಹಳೆಯ ಹಲಗೆಯ ಸ್ಥಳದಲ್ಲಿ ವಿದ್ಯುನ್ಮಾನ ತೆರೆಗಳು ಬಂದುವು. ಅಕ್ಷರಗಳನ್ನು ತಿರುಗಿಸುವ ಶ್ರಮ ಅಂದಿಗೆ ಮುಗಿಯಿತು. ಆದರೆ ಆಕೆ ಹಲಗೆಯ ಉದ್ದಕ್ಕೂ ನಡೆದು ತೆರೆಗಳನ್ನು ಮುಟ್ಟುವ ಕ್ರಮ ಮುಗಿಯಲಿಲ್ಲ. ಕುಟ್ಟುವ ಭತ್ತವಿಲ್ಲದಿದ್ದರೂ ಒನಕೆಯನ್ನು ಎತ್ತಿ ಇಳಿಸುವಂತಹ ಕ್ರಿಯೆ ಇದು. ದೃಷ್ಟಾರ್ಥವಾಗಿದ್ದುದು ನಮ್ಮ ಕಣ್ಣೆದುರಿನಲ್ಲಿಯೇ ಅದೃಷ್ಟಾರ್ಥವಾಗಿ ಮಾರ್ಪಟ್ಟುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಅದೇ ಕ್ರೀಡೆಯ ನಿರ್ಮಾಪಕರು ಬೇರೆ ಎರಡು ಸಂದರ್ಭಗಳಲ್ಲಿ ವಿವೇಕವನ್ನು ತೋರಿಸಿದರೆಂಬುದನ್ನೂ ಹೇಳಬೇಕು. ಮೊದಲು ಪ್ರತಿ ಸುತ್ತಿನಲ್ಲಿ ಗೆದ್ದವರು ಗೆದ್ದ ಹಣದಿಂದ ಅಲ್ಲಿಯೇ ಜೋಡಿಸಿಟ್ಟ ಸಾಮಾನುಗಳನ್ನು ಒಂದೊಂದಾಗಿ ಆರಿಸಿ ಕೊಳ್ಳಬೇಕಾಗಿತ್ತು. ಆಟವನ್ನು ನಿಲ್ಲಿಸಿ ನಡೆಯುತ್ತಿದ್ದ ಈ ವ್ಯಾಪಾರವನ್ನು ೧೯೮೭ರಲ್ಲಿ ಸಂಜೆಯ ಆವೃತ್ತಿಯಿಂದ ತೆಗೆದುಹಾಕಿದರು. ಕೊನೆಯ ಸುತ್ತಿನಲ್ಲಿ ಸ್ಪರ್ಧಿಯು ತನಗೆ ಬೇಕಾದ ಐದು ವ್ಯಂಜನಗಳನ್ನೂ ಒಂದು ಸ್ವರವನ್ನೂ ಕೇಳಬಹುದಾಗಿತ್ತು. ಹೆಚ್ಚು ಕಡಮೆ ಎಲ್ಲರೂ ಕೇಳುತ್ತಿದ್ದುದು ಆರ್, ಎಸ್, ಟಿ, ಎಲ್, ಎನ್, ಇ ಎಂಬ ಅವೇ ಅಕ್ಷರಗಳನ್ನು. ಆಯ್ಕೆ ಎಂಬುದು ಹೆಸರಿಗೆ ಮಾತ್ರ ಉಳಿದಿತ್ತು. ೧೯೮೮ರಲ್ಲಿ ಆ ಆರು ಅಕ್ಷರಗಳನ್ನು ತಾವೇ ಕೊಟ್ಟು, ಅವಲ್ಲದೆ ಬೇರೆ ಕೆಲವನ್ನು ಆರಿಸುವಂತೆ ನಿಯಮ ಮಾಡಿದರು. ಸತ್ತ ಉಪಚಾರವನ್ನು ತೆಗೆದ ಕೂಡಲೆ ನಿಜವಾದ ಆಯ್ಕೆ ಮತ್ತೆ ಜೀವ ತಾಳಿತು. ಆಚಾರಗಳು ತಾವಾಗಿ ಬೆಳೆದುಬರುತ್ತವೆ, ಅವನ್ನು ತಿದ್ದಲಾಗದು ಎನ್ನುವವರಿಗೆ ಇದು ಉತ್ತರ.

೧೯೬೪ರಲ್ಲಿ ಮರ್ವ್ ಗ್ರಿಫಿನ್ ಆರಂಭಿಸಿದ ‘ಜೆಪರ್ಡಿ’ಯ ವಿಚಿತ್ರ ನಿಯಮ ಎಲ್ಲರೂ ಬಲ್ಲರು. ಅಲ್ಲಿ ಉತ್ತರವನ್ನು ಕೊಡಲಾಗುತ್ತದೆ. ಸ್ಪರ್ಧಿಯು ಪ್ರಶ್ನೆಯನ್ನು ಹೇಳಬೇಕು. ಗ್ರಿಫಿನ್ನನೇ ಹೇಳಿಕೊಂಡಂತೆ, ಈ ಸೂಚನೆ ಅವನ ಪತ್ನಿಯದು. ಸ್ಪರ್ಧಿಗಳಿಗೆ ಮೊದಲೇ ಉತ್ತರಗಳನ್ನು ಕೊಟ್ಟರೆಂಬ ಹಗರಣದಿಂದ ಪ್ರಶ್ನಕ್ರೀಡೆಗಳು ಹೆಸರು ಕೆಡಿಸಿಕೊಂಡಿದ್ದ ಕಾಲ ಅದು. ಹಾಗಾದರೆ ಉತ್ತರಗಳನ್ನು ಬಹಿರಂಗವಾಗಿಯೇ ಕೊಟ್ಟುಬಿಡೋಣ ಎಂದಾಕೆ, ೫,೨೮೦ ಎಂಬ ಸಂಖ್ಯೆಯನ್ನು ಹೇಳಿದಳಂತೆ. ಒಂದು ಮೈಲಿಗೆ ಎಷ್ಟು ಅಡಿ ಎಂಬುದು ಅದರ ಪ್ರಶ್ನೆ. ಹುಟ್ಟಿನಲ್ಲಿ ಇದೊಂದು ಚಾಟೂಕ್ತಿ. ಆದರೆ ‘ಏನು’, ‘ಯಾರು’ ಎಂಬ ಪ್ರಶ್ನಾರ್ಥಕ ಪದವನ್ನು ಸೇರಿಸುವುದನ್ನು ಎರಡನೆಯ ಸುತ್ತಿನಲ್ಲಿ ಮರೆತ ಸ್ಪರ್ಧಿಯ ಸರಿಯುತ್ತರವೂ ಇಂದು ತಪ್ಪಾಗುತ್ತದೆ. ಚಾಟೂಕ್ತಿ ಶಾಸನವಾಯಿತು. ಇದನ್ನು ನಾವು ಪೂರ್ತಿಯಾಗಿ ಖಂಡಿಸಲಾರೆವು. ನಿಯಮ ಎಲ್ಲರಿಗೂ ಒಂದೇ, ಅದಕ್ಕೆ ಹಿಡಿಯುವ ಕಾಲ ಅತ್ಯಲ್ಪ. ಆದರೂ ಜ್ಞಾನವಿದ್ದವನು ರೂಪದೋಷದಿಂದ ಸೋಲುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

೪

ಇನ್ನು ಉಪಚಾರಗಳೇ ಕ್ರೀಡೆಯ ಪ್ರಾಣವೆಂಬಂತೆ ಬೆಳೆದುನಿಂತ ಕಾರ್ಯಕ್ರಮಕ್ಕೆ ಬರೋಣ. ಇಂಗ್ಲೆಂಡಿನ ಐ.ಟಿ.ವಿ.ಯಲ್ಲಿ ೧೯೯೮ರ ಸೆಪ್ಟೆಂಬರ್ ೪ರಂದು ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಆರಂಭವಾಯಿತು. ಕ್ರಿಸ್ ಟ್ಯಾರಂಟ್ ಅದರ ನಿರೂಪಕ. ಹದಿನೈದು ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು, ಮೂರು ಸಹಾಯಗಳು, ಕೊನೆಗೆ ಹತ್ತು ಲಕ್ಷ ಪೌಂಡು. ೧೯೯೯ರ ಆಗಸ್ಟಿನಲ್ಲಿ ಅಮೆರಿಕಕ್ಕೂ, ೨೦೦೦ದ ಜುಲೈ ೩ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಎಂಬ ಹೆಸರಿನಿಂದ ನಮ್ಮ ದೇಶಕ್ಕೂ, ೨೦೧೨ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ನಾಡಿಗೂ ಅದು ಬಂದಿತು. ದೇಶ ಬದಲಾದರೂ, ಭಾಷೆ ಬದಲಾದರೂ ಪೀಠ, ವಾದ್ಯ, ದೀಪ, ವಾಕ್ಯ ಇವುಗಳು ಬಹುಮಟ್ಟಿಗೆ ಬದಲಾಗಲಿಲ್ಲ. ಈ ಕ್ರೀಡೆಯ ಒಡೆಯರು ದೇಶದೇಶಗಳಿಗೆ ಮಾರಿದ್ದು ಪ್ರಶ್ನೆಗಳನ್ನಲ್ಲ, ವಿಧಿಯನ್ನು. ಪ್ರಶ್ನೆಗಳನ್ನು ಯಾರು ಬೇಕಾದರೂ ಬರೆಯಬಹುದು. ಕಲ್ಪಸೂತ್ರಕ್ಕೆ ಮಾತ್ರ ಹಣ ತೆರಬೇಕು.

ಈ ವಿಧಿಯ ನಡುಗಂಬ ‘ಇದು ನಿಮ್ಮ ಅಂತಿಮ ಉತ್ತರವೇ?’ ಎಂಬ ಪ್ರಶ್ನೆ. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ನರ ಧ್ವನಿಯಲ್ಲಿ ಅದು ‘ಲಾಕ್’ ಮಾಡುವ ಮಾತಾಗಿ ಊರೂರಿನ ಹುಡುಗರ ಬಾಯಲ್ಲಿ ನೆಲೆಸಿತು. ಇದರ ದೃಷ್ಟಾರ್ಥವೇನು? ಮೂಲಕ್ರೀಡೆಯಲ್ಲಿ ಉತ್ತರಕ್ಕೆ ಕಾಲಮಿತಿ ಇರಲಿಲ್ಲ. ಸ್ಪರ್ಧಿಯು ತನ್ನ ಆಲೋಚನೆಯನ್ನು ಗಟ್ಟಿಯಾಗಿ ಆಡಿ ತೋರಿಸಬೇಕೆಂಬುದು ನಿರ್ಮಾಪಕರ ಅಪೇಕ್ಷೆ. ಹಾಗೆ ಆಡುವವನು ಒಂದು ಆಯ್ಕೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತಾನೆ. ಅವನ ಯಾವ ಮಾತು ಆಲೋಚನೆ, ಯಾವ ಮಾತು ತೀರ್ಮಾನ ಎಂಬುದನ್ನು ಬೇರ್ಪಡಿಸುವ ಗಡಿಯೊಂದು ಬೇಕೇ ಬೇಕು. ಹೊಲವನ್ನು ಮಾರುವ ಮಾತುಕತೆ ಎಷ್ಟೇ ನಡೆದರೂ ಪತ್ರಕ್ಕೆ ರುಜು ಬೀಳುವ ತನಕ ಕ್ರಯವಾಗದಂತೆ, ಇಲ್ಲಿಯೂ ಸೂತ್ರವಾಕ್ಯ ನುಡಿಯುವ ತನಕ ಉತ್ತರ ಉತ್ತರವಾಗುವುದಿಲ್ಲ. ಇಷ್ಟರಮಟ್ಟಿಗೆ ಈ ಉಪಚಾರ ಸ್ಪರ್ಧಿಗೆ ರಕ್ಷೆ, ನಿರ್ಮಾಪಕನಿಗೂ ರಕ್ಷೆ.

ಆದರೆ ಈ ರಕ್ಷೆಯನ್ನು ಬೇಕಾದೆಡೆಯಲ್ಲಿ ಮಾತ್ರ ಕಟ್ಟುತ್ತಾರೆಯೆ? ಶಾಲೆಯ ಮಕ್ಕಳೂ ಹೇಳಬಲ್ಲ ಮೊದಲ ಪ್ರಶ್ನೆಗೆ ಸ್ಪರ್ಧಿಯು ತಡವರಿಸದೆ ಉತ್ತರ ಹೇಳಿದಾಗಲೂ ಆ ಮಾತನ್ನು ಕೇಳುವುದುಂಟು. ಅಲ್ಲಿ ಆಲೋಚನೆಯೇ ಇಲ್ಲ, ಗಡಿಯಾದರೂ ಏತಕ್ಕೆ? ದೊಡ್ಡ ಮೊತ್ತದ ಪ್ರಶ್ನೆಗಳಲ್ಲಿ ಅಂತಿಮವೆಂದು ಹೇಳಿಸಿದ ಮೇಲೂ ನಿರೂಪಕನು ಮೌನ ತಾಳುತ್ತಾನೆ, ವಾದ್ಯ ಮಿಡಿಯುತ್ತದೆ, ದೀಪ ಕುಗ್ಗುತ್ತದೆ, ಜಾಹೀರಾತು ಬರುತ್ತದೆ. ತೀರ್ಮಾನಕ್ಕಾಗಿ ಹುಟ್ಟಿದ ಸೂತ್ರವು ತೀರ್ಮಾನವನ್ನು ಮುಂದೂಡುವುದಕ್ಕೆ ಬಳಕೆಯಾಗುತ್ತದೆ. ಒಂದೇ ವಾಕ್ಯ ಒಂದೆಡೆ ನ್ಯಾಯದ ಕೆಲಸವನ್ನೂ ಮತ್ತೊಂದೆಡೆ ವ್ಯಾಪಾರದ ಕೆಲಸವನ್ನೂ ಮಾಡುತ್ತದೆ. ಮೊದಲಿನದರ ಗೌರವವನ್ನು ಎರಡನೆಯದು ಎರವಲು ಪಡೆದು ಬದುಕುತ್ತದೆ. ಮುಂದೆ ಆರಂಭದ ಪ್ರಶ್ನೆಗಳಿಗೆ ಗಡಿಯಾರವನ್ನು ಇಟ್ಟ ಆವೃತ್ತಿಗಳು ಬಂದುವು. ಕಾಲವೇ ಗಡಿಯಾದ ಮೇಲೆ ಸೂತ್ರವಾಕ್ಯದ ಅಗತ್ಯ ಕುಗ್ಗಬೇಕಾಗಿತ್ತು. ಆದರೆ ಅದರ ಬಳಕೆ ಕುಗ್ಗಲಿಲ್ಲ.

ಚೆಕ್ಕಿನ ವಿಚಾರವೂ ಹೀಗೆಯೇ ಎರಡು ಮುಖದ್ದು. ಟ್ಯಾರಂಟ್ ಚೆಕ್ಕನ್ನು ಬರೆದು ತೋರಿಸುತ್ತಿದ್ದನು. ‘ಇದನ್ನು ನಿಮಗೆ ಕೊಡುವ ಇಷ್ಟ ನಮಗಿಲ್ಲ’ ಎಂದು ಹಿಂದಕ್ಕೆ ತೆಗೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದನು. ನೋಡುವವರಿಗೆ ಇದು ಬರಿಯ ಲೀಲೆ. ಆದರೆ ೨೦೦೧ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಇಂಗ್ರಾಮ್ ಎಂಬ ಸೇನಾಧಿಕಾರಿ ಹದಿನೈದು ಪ್ರಶ್ನೆಗಳಿಗೂ ಉತ್ತರ ಹೇಳಿ ಹತ್ತು ಲಕ್ಷ ಪೌಂಡಿನ ಚೆಕ್ಕನ್ನು ಪಡೆದಾಗ ಪರಿಸ್ಥಿತಿ ಬೇರೆಯಾಯಿತು. ಆತನು ಆಯ್ಕೆಗಳನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದುತ್ತಿದ್ದಾಗ ಸರಿಯಾದ ಆಯ್ಕೆಯ ಹೊತ್ತಿಗೆ ಕೆಮ್ಮಿನ ಮೂಲಕ ಸೂಚನೆ ದೊರೆಯಿತೆಂಬುದು ಆರೋಪ. ಮೋಸದಿಂದ ಬೆಲೆಯುಳ್ಳ ದಸ್ತಾವೇಜನ್ನು ಬರೆಯಿಸಿಕೊಂಡರೆಂಬ ಅಪರಾಧಕ್ಕಾಗಿ ಆತನೂ, ಆತನ ಪತ್ನಿಯೂ, ಕೆಮ್ಮಿದನೆನ್ನಲಾದ ಕಾಲೇಜು ಅಧ್ಯಾಪಕನೊಬ್ಬನೂ ೨೦೦೩ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅವರು ಆರೋಪವನ್ನು ಒಪ್ಪಲಿಲ್ಲ. ಆ ದಸ್ತಾವೇಜು ಎಂಬುದು ಟ್ಯಾರಂಟ್ ರುಜು ಮಾಡಿದ ಚೆಕ್ಕೇ. ಲೀಲೆ ಎನಿಸಿದುದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಂತಿತು.

ಈ ಪ್ರಕರಣದಿಂದ ಎರಡು ಪಾಠಗಳು ದೊರೆಯುತ್ತವೆ. ಹೊರನೋಟಕ್ಕೆ ಬರಿಯ ಉಪಚಾರವಾದುದರಲ್ಲಿಯೂ ತಿರುಳಿರಬಹುದು ಎಂಬುದು ಒಂದು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಕತ್ತಲೆ, ಬೆಳಕು, ಎದೆಬಡಿತದಂತಹ ವಾದ್ಯ, ಒಂಟಿ ಪೀಠ ಇವೆಲ್ಲ ಸೇರಿ ಸ್ಪರ್ಧಿಯು ಲೋಕದಿಂದ ಪ್ರತ್ಯೇಕನಾಗಿದ್ದಾನೆ ಎಂಬ ಭಾವನೆಯನ್ನು ಹುಟ್ಟಿಸುತ್ತಿದ್ದುವು. ವಸ್ತುತಃ ಆತನು ಜನರ ನಡುವೆಯೇ, ಒಂದು ಕೆಮ್ಮು ಕೇಳಿಸುವಷ್ಟು ಹತ್ತಿರದಲ್ಲಿಯೇ ಕುಳಿತಿದ್ದನು. ವಿಧಿಯು ಪ್ರತ್ಯೇಕತೆಯನ್ನು ಅಭಿನಯಿಸಿತೇ ಹೊರತು ಒದಗಿಸಲಿಲ್ಲ.

ಅಮೆರಿಕದ ಆವೃತ್ತಿಯಲ್ಲಿ ಮೊದಲ ಬಾರಿಗೆ ಪೂರ್ಣ ಬಹುಮಾನವನ್ನು ಗೆದ್ದ ಜಾನ್ ಕಾರ್ಪೆಂಟರ್ ೧೯೯೯ರ ನವೆಂಬರಿನಲ್ಲಿ ಮಾಡಿದುದನ್ನು ಇಲ್ಲಿ ನೆನೆಯಬೇಕು. ಕೊನೆಯ ಪ್ರಶ್ನೆ ಬಂದಾಗ ಆತನು ದೂರವಾಣಿಯ ಸಹಾಯವನ್ನು ಕೇಳಿ ತನ್ನ ತಂದೆಗೆ ಕರೆಮಾಡಿಸಿದನು. ಸಹಾಯಕ್ಕಾಗಿ ಅಲ್ಲ, ಉತ್ತರ ತನಗೆ ತಿಳಿದಿದೆ, ಬಹುಮಾನವನ್ನು ಗೆಲ್ಲಲಿದ್ದೇನೆ ಎಂದು ತಿಳಿಸುವುದಕ್ಕಾಗಿ. ಕಲಾಪದ ಒಂದು ಅಂಗವನ್ನೇ ಹಿಡಿದು ಕಲಾಪವನ್ನು ಮೃದುವಾಗಿ ಹಾಸ್ಯಮಾಡಿದ ಪ್ರಸಂಗವಿದು. ತಿಳಿದವನಿಗೆ ಆಡಂಬರ ಬೇಕಾಗಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಿಲ್ಲ.

೫

ಉಪಚಾರ ಕೇವಲ ಬೇಸರಕ್ಕೆ ಕಾರಣವಾದರೆ ಅದನ್ನು ಸಹಿಸಬಹುದು. ಅದು ನಂಬಿಕೆಯನ್ನು ಮೋಸಗೊಳಿಸುವ ಸಾಧನವಾದರೆ? ಇದಕ್ಕೆ ಅಮೆರಿಕದ ೧೯೫೦ರ ದಶಕದ ಚರಿತ್ರೆಯೇ ಸಾಕ್ಷಿ.

ಸಿ.ಬಿ.ಎಸ್. ಸಂಸ್ಥೆ ೧೯೫೫ರ ಜೂನ್ ೭ರಂದು ‘ಅರುವತ್ತುನಾಲ್ಕು ಸಾವಿರ ಡಾಲರ್ ಪ್ರಶ್ನೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಪ್ರಶ್ನೆಗಳನ್ನು ಬ್ಯಾಂಕಿನ ಭದ್ರ ಕೊಠಡಿಯಲ್ಲಿ ಇಟ್ಟಿರುವುದಾಗಿ ಸಾರಲಾಗುತ್ತಿತ್ತು. ಬ್ಯಾಂಕಿನ ಅಧಿಕಾರಿಯೊಬ್ಬನು ಕಾವಲುಗಾರರೊಡನೆ ರಂಗಕ್ಕೆ ಬಂದು ಪ್ರಶ್ನೆಗಳನ್ನು ಒಪ್ಪಿಸುತ್ತಿದ್ದನು. ಕಾರ್ಡುಗಳನ್ನು ವಿಂಗಡಿಸುವ ಯಂತ್ರವೊಂದು ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿರುತ್ತಿತ್ತು. ಮೊತ್ತ ಏರಿದಂತೆ ಸ್ಪರ್ಧಿಯನ್ನು ಗಾಜಿನ ಪ್ರತ್ಯೇಕ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಿದ್ದರು. ಇಷ್ಟೆಲ್ಲ ಎಚ್ಚರಿಕೆ ವಹಿಸುವವರು ಮೋಸ ಮಾಡಿಯಾರೆ ಎಂದು ಜನ ನಂಬಿದರು. ಪ್ರಾಯೋಜಕರ ಇಷ್ಟಾನಿಷ್ಟಗಳಿಗೆ ಅನುಸಾರವಾಗಿ ಪ್ರಶ್ನೆಗಳನ್ನು ಸುಲಭವಾಗಿಯೋ ಕಠಿನವಾಗಿಯೋ ಹೊಂದಿಸಲಾಗುತ್ತಿತ್ತೆಂಬುದು ೧೯೫೯ರ ವಿಚಾರಣೆಯಲ್ಲಿ ಹೊರಬಿದ್ದಿತು.

ಎನ್.ಬಿ.ಸಿ.ಯ ‘ಟ್ವೆಂಟಿ ಒನ್’ ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ಇಬ್ಬರು ಸ್ಪರ್ಧಿಗಳು ಎರಡು ಪೆಟ್ಟಿಗೆಗಳಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ನಿಲ್ಲಬೇಕು. ೧೯೫೬ರ ಡಿಸೆಂಬರಿನಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬವನನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್ ಸೋಲಿಸಿದನು. ೧೯೫೫ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದುದು ‘ಮಾರ್ಟಿ’ ಎಂಬುದು ಸ್ಟೆಂಪೆಲ್ಲನಿಗೆ ಚೆನ್ನಾಗಿ ತಿಳಿದಿತ್ತು. ಆದರೂ ತಪ್ಪು ಹೇಳುವಂತೆ ಅವನಿಗೆ ಅಪ್ಪಣೆಯಾಗಿತ್ತು. ಹಳೆಯ ಉಡುಪು ಧರಿಸಬೇಕು, ಹಣೆಯ ಬೆವರನ್ನು ಉಜ್ಜದೆ ಮೆಲ್ಲನೆ ಒತ್ತಿಕೊಳ್ಳಬೇಕು ಎಂಬಷ್ಟು ಸೂಕ್ಷ್ಮವಾದ ಪಾಠವನ್ನು ತನಗೆ ಹೇಳಿಕೊಟ್ಟಿದ್ದರೆಂದು ಆತನು ತಿಳಿಸಿದನು. ಪೆಟ್ಟಿಗೆಯೊಳಗಿನ ಸೆಕೆಯೂ ಕಲಾಪದ ಒಂದು ಅಂಗವಾಗಿತ್ತು. ವ್ಯಾನ್ ಡೋರೆನ್ ಒಟ್ಟು ೧,೨೯,೦೦೦ ಡಾಲರುಗಳನ್ನು ಗೆದ್ದು ದೇಶದ ಕಣ್ಮಣಿಯಾದನು. ೧೯೫೯ರ ನವೆಂಬರ್ ೨ರಂದು ಕಾಂಗ್ರೆಸ್ಸಿನ ಉಪಸಮಿತಿಯ ಮುಂದೆ ನಿಂತು, ಪ್ರಶ್ನೋತ್ತರಗಳನ್ನು ತನಗೆ ಮೊದಲೇ ಒದಗಿಸಲಾಗಿತ್ತೆಂದು ಒಪ್ಪಿಕೊಂಡನು. ಅಧ್ಯಾಪಕ ಪದವಿ ಹೋಯಿತು. ಹೀಗೆ ಕಾರ್ಯಕ್ರಮಗಳನ್ನು ಕೃತ್ರಿಮಗೊಳಿಸುವುದನ್ನು ಅಪರಾಧವೆಂದು ಸಾರುವ ಕಾನೂನು ೧೯೬೦ರಲ್ಲಿ ಬಂದಿತು. ಅಲ್ಲಿಯ ತನಕ ಅಂತಹ ಕಾನೂನೇ ಇರಲಿಲ್ಲ.

ಬ್ಯಾಂಕಿನ ಅಧಿಕಾರಿ ನಿಜವಾದ ಅಧಿಕಾರಿ, ಕಾವಲುಗಾರರು ನಿಜವಾದ ಕಾವಲುಗಾರರು, ಪೆಟ್ಟಿಗೆಯ ಗಾಜೂ ನಿಜವಾದುದೇ. ಸುಳ್ಳಾದುದು ಒಂದೇ, ಇಡೀ ವಿಧಿ ಯಾವುದಕ್ಕೆ ಸಾಕ್ಷಿಯಾಗಬೇಕಾಗಿತ್ತೋ ಆ ನ್ಯಾಯ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ದಾನಶಾಸನಗಳ ಆರಂಭದ ದೇವತಾಸ್ತುತಿ, ರಾಜನ ವಂಶಾವಳಿ, ಬಿರುದಾವಳಿ, ಕೊನೆಯ ಶಾಪಾಶಯ ಇವು ಉಪಚಾರಗಳೆಂದು ಕೆಲವರು ಓದದೆ ದಾಟಿಬಿಡುತ್ತಾರೆ. ಅದು ತಪ್ಪು. ದಾನಿಯು ಸತ್ತ ಮೇಲೆಯೂ ಭೂಮಿಯನ್ನು ಕಾಯಬೇಕಾದುದು ಆ ಶಾಪವೇ; ಆದುದರಿಂದ ಅದು ದೃಷ್ಟಾರ್ಥ. ಆದರೆ ಅದೇ ಸ್ತುತಿ, ಅದೇ ವಂಶಾವಳಿ, ಅದೇ ಶಾಪ, ಅದೇ ಮುದ್ರೆ ಕೂಟಶಾಸನಗಳಲ್ಲಿಯೂ ಇರುತ್ತವೆ. ಪಶ್ಚಿಮ ಗಂಗರ ತಾಮ್ರಪಟಗಳಲ್ಲಿ ಅನೇಕವು ಕೃತ್ರಿಮವೆಂದು ಫ್ಲೀಟ್ ಅವರು ವಾದಿಸಿದುದನ್ನೂ, ರೈಸ್ ಅವರು ಅವುಗಳ ಪಕ್ಷ ವಹಿಸಿದುದನ್ನೂ ನಾವು ಬಲ್ಲೆವು. ಆ ವಾದದಲ್ಲಿ ಯಾವ ಪಕ್ಷ ಎಲ್ಲಿ ಗೆದ್ದಿತೆಂಬುದು ಇಲ್ಲಿ ಪ್ರಸ್ತುತವಲ್ಲ. ತೀರ್ಮಾನಕ್ಕೆ ಆಧಾರವಾದುದು ಒಕ್ಕಣೆಯ ಗಾಂಭೀರ್ಯವಲ್ಲ, ಅಕ್ಷರಗಳ ರೂಪ ಮತ್ತು ತಿಥಿವಾರಗಳ ಹೊಂದಿಕೆ, ಎಂಬುದಷ್ಟೇ ಪ್ರಸ್ತುತ. ಕೂಟಶಾಸನವನ್ನು ಕೊರೆಯುವವನು ಉಪಚಾರದಲ್ಲಿ ಎಂದೂ ಕೊರತೆ ಮಾಡುವುದಿಲ್ಲ.

ಆದಕಾರಣ ಅನವಶ್ಯಕ ಉಪಚಾರದಿಂದಾಗುವ ನಿಜವಾದ ಹಾನಿ ಕಾಲಹರಣವಲ್ಲ. ಕಲಾಪವನ್ನೇ ಪ್ರಮಾಣವೆಂದು ಎಣಿಸುವ ಅಭ್ಯಾಸವನ್ನು ಅದು ಜನರಲ್ಲಿ ಬೆಳೆಸುತ್ತದೆ. ಮುದ್ರೆಯನ್ನು ನೋಡಿ ಪತ್ರವನ್ನು ನಂಬುವವನು ಪತ್ರವನ್ನು ಓದುವುದನ್ನು ಬಿಡುತ್ತಾನೆ.

೬

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಆಟವೆಂದ ಮೇಲೆ ವಿಧಿ ಇರಲೇಬೇಕು. ನಿತ್ಯಜೀವನದಿಂದ ಬೇರ್ಪಟ್ಟ ಕಾಲ, ದೇಶ, ನಿಯಮಗಳೇ ಆಟದ ಲಕ್ಷಣವೆಂದು ಡಚ್ ಚರಿತ್ರಕಾರ ಹೈಝಿಂಗಾ ೧೯೩೮ರಲ್ಲಿಯೇ ಪ್ರತಿಪಾದಿಸಲಿಲ್ಲವೆ? ನಮ್ಮ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲ ಮುಂತಾದ ಪೂರ್ವರಂಗದ ಕಲಾಪಗಳು ನಡೆಯುವುದಿಲ್ಲವೆ? ಈ ಮಾತು ಸರಿಯಾದುದೇ. ಆದರೆ ಪೂರ್ವರಂಗಕ್ಕೆ ಕಾಣುವ ಪ್ರಯೋಜನವಿತ್ತು. ಹೊಸದಾಗಿ ಕಲಿತ ಹುಡುಗರು ಗೆಜ್ಜೆ ಕಟ್ಟಿ ಸಭೆಯ ಅಂಜಿಕೆಯನ್ನು ಕಳೆದುಕೊಳ್ಳುತ್ತಿದ್ದುದು ಅಲ್ಲಿಯೇ. ದೂರದ ಹಳ್ಳಿಗಳಿಂದ ನಡೆದುಬರುವ ಜನ ಸೇರುವುದಕ್ಕೂ ಆ ಹೊತ್ತು ಬೇಕಾಗಿತ್ತು. ಆಟದ ನಿಯಮ ಬೇರೆ, ಆಟಕ್ಕೆ ಹೊದಿಸಿದ ಆಡಂಬರ ಬೇರೆ. ಹೈಝಿಂಗಾ ಎತ್ತಿಹಿಡಿದುದು ಮೊದಲಿನದನ್ನು.

ಆಡಂಬರವೇ ಆಟವಾದ ಸ್ಥಿತಿಯನ್ನು ನೋಡಬೇಕಾದರೆ ‘ಡೀಲ್ ಆರ್ ನೋ ಡೀಲ್’ ಎಂಬುದನ್ನು ನೋಡಬಹುದು. ಇಂಗ್ಲೆಂಡಿನಲ್ಲಿ ೨೦೦೫ರಲ್ಲಿ ಆರಂಭವಾದ ಆವೃತ್ತಿಯಲ್ಲಿ ೨೨ ಪೆಟ್ಟಿಗೆಗಳು. ಅದೇ ವರ್ಷ ಅಮೆರಿಕದಲ್ಲಿ ಆರಂಭವಾದುದರಲ್ಲಿ ೨೬ ಕೈಪೆಟ್ಟಿಗೆಗಳು, ಅವನ್ನು ಹಿಡಿದು ನಿಲ್ಲಲು ೨೬ ಮಂದಿ ತರುಣಿಯರು. ಪ್ರಶ್ನೆಯೂ ಇಲ್ಲ, ಜ್ಞಾನವೂ ಬೇಕಿಲ್ಲ. ಪೆಟ್ಟಿಗೆ ತೆರೆಯುವುದು, ಕಾಣದ ಸಾಹುಕಾರನು ದೂರವಾಣಿಯಲ್ಲಿ ಹೇಳುವ ಮೊತ್ತವನ್ನು ಒಪ್ಪುವುದು ಅಥವಾ ಬಿಡುವುದು, ಇಷ್ಟೇ. ಇದರಲ್ಲಿ ಜನರು ಅಪಾಯವನ್ನು ಹೇಗೆ ತೂಗಿನೋಡುತ್ತಾರೆಂಬುದನ್ನು ಅರ್ಥಶಾಸ್ತ್ರಜ್ಞರು ಅಭ್ಯಸಿಸಿ ೨೦೦೮ರಲ್ಲಿ ಪ್ರಕಟಿಸಿದರು. ಅಷ್ಟರಮಟ್ಟಿಗೆ ಅದು ಉಪಯುಕ್ತವಾಯಿತು. ಆದರೆ ಪ್ರಶ್ನಕ್ರೀಡೆಯ ವೇಷ ಧರಿಸಿದ ಈ ಕಲಾಪದಲ್ಲಿ ಉಳಿದಿರುವುದು ಅದೃಷ್ಟವೊಂದೇ, ಆ ಪದದ ಎರಡು ಅರ್ಥಗಳಲ್ಲಿಯೂ.

ನಮ್ಮ ದೇಶದ ಆವೃತ್ತಿಗಳಲ್ಲಿ ಇನ್ನೊಂದು ಬಗೆಯ ಉಪಚಾರ ಬೆಳೆದಿದೆ. ಸ್ಪರ್ಧಿಯ ಬಡತನ, ಸಾಲ, ಕಾಯಿಲೆಗಳನ್ನು ಚಿತ್ರೀಕರಿಸಿ ತೋರಿಸುವುದು, ಅವನ ಕಣ್ಣೀರಿಗಾಗಿ ಕಾಯುವುದು. ಸಾಮಾನ್ಯ ಜನರ ಬದುಕಿಗೆ ಇದರಿಂದ ಗೌರವ ದೊರೆಯಿತೆನ್ನುವವರುಂಟು. ಕೆಲವು ಸಂದರ್ಭಗಳಲ್ಲಿ ಅದು ನಿಜವೂ ಹೌದು. ೨೦೧೧ರಲ್ಲಿ ಬಿಹಾರದ ಸುಶೀಲ್ ಕುಮಾರ್ ಐದು ಕೋಟಿ ರೂಪಾಯಿ ಗೆದ್ದಾಗ ದೇಶವೇ ಸಂತೋಷಪಟ್ಟಿತು. ಆದರೆ ಆತನು ಗೆದ್ದುದು ತಿಳಿವಳಿಕೆಯಿಂದ. ತಿಳಿವಳಿಕೆಯಿಂದ ಬರುವ ಬಹುಮಾನವನ್ನು ದಾನದಂತೆ ಕಾಣಿಸುವ ಕಲಾಪ ಸ್ಪರ್ಧಿಯ ಮಾನವನ್ನು ಹೆಚ್ಚಿಸುವುದೇ, ಕುಗ್ಗಿಸುವುದೇ ಎಂಬುದನ್ನು ಆಲೋಚಿಸಬೇಕು.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ೨೦೦೨ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ವೈದ್ಯರಾದ ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸ್ಪರ್ಧಿಗಳು ಉತ್ತರ ಹೇಳುತ್ತಾರೆ, ಗೆದ್ದವರಿಗೆ ಕನ್ನಡ ಪುಸ್ತಕಗಳು ಬಹುಮಾನ. ಪುಸ್ತಕ ಕೊಡುವುದೂ ಒಂದು ಉಪಚಾರವೇ. ಆದರೆ ಅದರ ಫಲ ಕಣ್ಣಿಗೆ ಕಾಣುತ್ತದೆ. ಕೋಟಿಯ ಆಸೆಯಿಲ್ಲದೆಯೂ ಜನ ವರ್ಷಗಟ್ಟಲೆ ಪ್ರಶ್ನಕ್ರೀಡೆಯನ್ನು ನೋಡುತ್ತಾರೆಂಬುದಕ್ಕೆ ಅದು ಪ್ರಮಾಣ.

ಈ ವಿಚಾರ ಟೆಲಿವಿಷನ್ನಿನವರಿಗೆ ಮಾತ್ರ ಸೇರಿದುದಲ್ಲ. ನಮ್ಮ ಕಾಲೇಜುಗಳ ರಸಪ್ರಶ್ನೆ ಪಂದ್ಯಗಳಲ್ಲಿಯೂ ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಸ್ಮರಣಿಕೆ, ಮೂರು ಭಾಷಣಗಳು ಮುಗಿಯುವ ವೇಳೆಗೆ ಪ್ರಶ್ನೆಗಳಿಗೆ ಉಳಿಯುವ ಹೊತ್ತು ಎಷ್ಟೆಂಬುದನ್ನು ಅಧ್ಯಾಪಕಮಿತ್ರರು ಬಲ್ಲರು. ಇದರ ಮೇಲೆ ಈಗ ‘ಲಾಕ್’ ಮಾಡುವ ಮಾತೂ, ಎದೆಬಡಿತದ ವಾದ್ಯವೂ ಸೇರಿಕೊಳ್ಳತೊಡಗಿವೆ. ಆದುದರಿಂದ ಪ್ರತಿಯೊಂದು ಉಪಚಾರಕ್ಕೂ ಮೂರು ಪ್ರಶ್ನೆಗಳನ್ನು ಹಾಕಿನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಇದರಿಂದ ಸ್ಪರ್ಧಿಯ ಹಕ್ಕಿಗೆ ರಕ್ಷಣೆ ಇದೆಯೆ? ಪಂದ್ಯ ನ್ಯಾಯವಾಗಿ ನಡೆಯಿತೆಂದು ಹೊರಗಿನವರು ಪರೀಕ್ಷಿಸಲು ಇದು ನೆರವಾಗುತ್ತದೆಯೆ? ಇದನ್ನು ತೆಗೆದರೆ ಪ್ರಶ್ನೋತ್ತರಕ್ಕೆ ನಷ್ಟವುಂಟೆ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಉಪಚಾರವನ್ನು ಸಂಕೋಚವಿಲ್ಲದೆ ಬಿಟ್ಟುಬಿಡಬಹುದು. ಒಂದಕ್ಕಾದರೂ ಹೌದೆಂದು ಬಂದರೆ ಅದನ್ನು ಶ್ರದ್ಧೆಯಿಂದ ಉಳಿಸಿಕೊಳ್ಳಬೇಕು. ಪ್ರಶ್ನೆ ಕೇಳುವ ಅಭ್ಯಾಸವನ್ನು ಬೆಳೆಸುವುದಕ್ಕೆಂದೇ ಇರುವ ಕ್ರೀಡೆಯೊಂದು ತನ್ನ ವಿಧಿಗಳ ವಿಷಯದಲ್ಲಿ ಮಾತ್ರ ಪ್ರಶ್ನೆಯನ್ನು ಸಹಿಸದಂತಾಗಬಾರದು.